ಚಳಿಗಾಲದ ಬಿಸಿಮನೆಯೂ ಸಾಕುಪ್ರಾಣಿಗಳೂ

ಅಮೆರಿಕ, ಕೆನಡಾಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳ ಹಾಗೂ ಬಂಧುಗಳ ಮನೆಗಳಲ್ಲಿ ನಾಯಿ ಬೆಕ್ಕುಗಳಿಗೆ ಈಗ ಮಕ್ಕಳಷ್ಟೇ ಸ್ಥಾನವಿದೆ. ಸಂತೋಷದ ಸಂಗತಿ. ಆದರೆ ಡಿಸೆಂಬರ್ ಬಂದೊಡನೆ ಅವರಿಂದ ಒಂದೇ ಬಗೆಯ ದೂರು ಕೇಳಿಬರುತ್ತದೆ: ನಾಯಿ ಹಗಲಿರುಳೂ ಕೆರೆದುಕೊಳ್ಳುತ್ತಿದೆ, ಬೆನ್ನಿನ ರೋಮದ ನಡುವೆ ಬಿಳಿಯ ಹೊಟ್ಟು ಉದುರುತ್ತಿದೆ, ಬೆಕ್ಕನ್ನು ನೇವರಿಸಹೋದರೆ ಚಟ್ಟೆಂದು ಕಿಡಿ ಹಾರಿ ಅದು ದೂರ ಓಡುತ್ತದೆ. ಕೂಡಲೇ ಶಾಂಪೂ ಬದಲಾಗುತ್ತದೆ, ಆಹಾರ ಬದಲಾಗುತ್ತದೆ, ಮೀನೆಣ್ಣೆಯ ಮಾತ್ರೆ ಬರುತ್ತದೆ. ಗೋಡೆಯ ಮೇಲಿರುವ ಥರ್ಮೋಸ್ಟಾಟನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಮೊದಲು ಮುಟ್ಟಬೇಕಾದದ್ದು ಅದನ್ನೇ ಎಂಬುದು ನನ್ನ ಅಭಿಪ್ರಾಯ.

ಒಂಬತ್ತನೆಯ ತರಗತಿಯಲ್ಲಿ ನನ್ನಿಂದ ಸಾಪೇಕ್ಷ ಆರ್ದ್ರತೆಯ ಪಾಠ ಕೇಳಿದವರು (ಹಿಂದಿನ ಬೆಂಚಿನವರನ್ನು ಬಿಟ್ಟು) ಈ ಲೆಕ್ಕವನ್ನು ನೆನಪಿಸಿಕೊಳ್ಳಬಹುದು. ತಣ್ಣನೆಯ ಗಾಳಿ ಹೆಚ್ಚು ನೀರಾವಿಯನ್ನು ಹಿಡಿದಿಡಲಾರದು. ಸೊನ್ನೆಗಿಂತ 10 ಡಿಗ್ರಿ ಸೆಲ್ಸಿಯಸ್ ಕೆಳಗಿನ ಗಾಳಿಯ ಒಂದು ಘನಮೀಟರಿನಲ್ಲಿ ಹೆಚ್ಚೆಂದರೆ 2.4 ಗ್ರಾಂ ನೀರಾವಿ ಇದ್ದೀತು. ಅದೇ ಗಾಳಿ ಮನೆಯೊಳಗೆ ಬಂದು 21 ಡಿಗ್ರಿಗೆ ಬಿಸಿಯಾದಾಗ ಅದಕ್ಕೆ ಸುಮಾರು 18 ಗ್ರಾಂ ಹಿಡಿಯುವ ಶಕ್ತಿ ಬರುತ್ತದೆ. ಇರುವುದು ಮಾತ್ರ ಅದೇ 2.4. ಅಂದರೆ ಆರ್ದ್ರತೆ ಶೇಕಡ 13ರ ಆಸುಪಾಸು. ಅಡುಗೆ, ಸ್ನಾನ, ಉಸಿರಾಟಗಳಿಂದ ಇದು ಸ್ವಲ್ಪ ಏರುತ್ತದೆ, ನಿಜ. ಹೀಟರು ತೇವವನ್ನು ಸುಟ್ಟುಹಾಕುತ್ತದೆಂದು ಅನೇಕರು ನಂಬಿದ್ದಾರೆ. ಅದು ಏನನ್ನೂ ಸುಡುವುದಿಲ್ಲ, ಗಾಳಿಯ ದಾಹವನ್ನು ಹೆಚ್ಚಿಸುತ್ತದೆ, ಅಷ್ಟೇ. ಆ ದಾಹಗೊಂಡ ಗಾಳಿ ಸಿಕ್ಕಲ್ಲೆಲ್ಲ ತೇವವನ್ನು ಹೀರುತ್ತದೆ: ಮರದ ನೆಲಹಾಸಿನಿಂದ, ನಮ್ಮ ತುಟಿಯಿಂದ, ನಾಯಿಯ ಚರ್ಮದಿಂದ.

ಮಗಳ ಮನೆಯಿರುವ ಮಿನಿಯಾಪೊಲಿಸ್‌ನಲ್ಲಿ ನಾನು ಎರಡು ಚಳಿಗಾಲ ಕಳೆದಿದ್ದೇನೆ. ಅಲ್ಲಿ ಜನವರಿಯ ಸರಾಸರಿ ಉಷ್ಣತೆಯೇ ಸೊನ್ನೆಗಿಂತ ಸುಮಾರು 9 ಡಿಗ್ರಿ ಕೆಳಗೆ. ಹೊರಗೆ ಮೊಣಕಾಲುದ್ದ ಹಿಮ, ಒಳಗೆ ಅರ್ಧ ತೋಳಿನ ಅಂಗಿ ತೊಟ್ಟು ಓಡಾಡುವ ಮೊಮ್ಮಕ್ಕಳು! ಅವರ ದಟ್ಟ ರೋಮದ ನಾಯಿ ಮಾತ್ರ ಮೆತ್ತನೆಯ ಹಾಸಿಗೆಯನ್ನು ಬಿಟ್ಟು ಬಾಗಿಲ ಬಳಿಯ ತಣ್ಣನೆಯ ಹೆಂಚಿನ ಮೇಲೆ ಮಲಗುತ್ತಿತ್ತು. ಅದಕ್ಕೆ ತಿಳಿದದ್ದು ನಮಗೆ ತಿಳಿಯುವುದಿಲ್ಲ. ನಮ್ಮ ಹಳ್ಳಿಮನೆಗಳಲ್ಲಿ ಬಚ್ಚಲೊಲೆಯ ಬೂದಿಯಲ್ಲಿ ಬೆಕ್ಕು ಮಲಗುತ್ತಿದ್ದುದು ನಿಮಗೆಲ್ಲ ಗೊತ್ತು. ಬಿಸಿ ಹೆಚ್ಚಾದರೆ ಎದ್ದು ಜಗಲಿಗೆ ಹೋಗುತ್ತಿತ್ತು, ಚಳಿಯಾದರೆ ಮತ್ತೆ ಬರುತ್ತಿತ್ತು. ಬೆಂಕಿಗೂ ತನಗೂ ಎಷ್ಟು ಅಂತರವಿರಬೇಕೆಂಬುದನ್ನು ಅದೇ ನಿರ್ಧರಿಸುತ್ತಿತ್ತು. ಕಿಟಕಿ ಬಾಗಿಲುಗಳನ್ನು ಭದ್ರವಾಗಿ ಮುಚ್ಚಿ, ಕೋಣೆಕೋಣೆಗೂ ಒಂದೇ ಶಾಖ ಹರಡಿದ ಮನೆಯಲ್ಲಿ ಪ್ರಾಣಿಗೆ ಆ ಸ್ವಾತಂತ್ರ್ಯವಿಲ್ಲ. ಬಾಯಿಬಿಟ್ಟು ಹೇಳಲೂ ಅದಕ್ಕೆ ಬಾರದು.

ಮೂಗು ಮತ್ತು ಶ್ವಾಸನಾಳದ ಒಳಪದರದಲ್ಲಿರುವ ತೆಳುವಾದ ಲೋಳೆಯು ಧೂಳನ್ನೂ ರೋಗಾಣುಗಳನ್ನೂ ಹಿಡಿದು ಹೊರದೂಡುತ್ತದೆ. ಅದು ಒಣಗಿದರೆ ಆ ಕೆಲಸ ಕುಂಟುತ್ತದೆ. ಮೊದಲೇ ಆಸ್ತಮಾ ಇರುವ ಬೆಕ್ಕಿಗೂ, ಪಗ್‌ನಂಥ ಮೊಂಡುಮೂಗಿನ ನಾಯಿಗೂ ಇದು ಹೆಚ್ಚಿನ ತೊಂದರೆ. ಬೆಕ್ಕುಗಳು ಸ್ವಭಾವತಃ ನೀರು ಕುಡಿಯುವುದು ಕಡಿಮೆ. ಒಣ ಆಹಾರವನ್ನೇ ತಿನ್ನುವ ಬೆಕ್ಕಿಗೆ ಚಳಿಗಾಲದಲ್ಲಾದರೂ ತೇವವುಳ್ಳ ಆಹಾರ ಕೊಡುವುದು ಒಳ್ಳೆಯದು. ಇನ್ನು ನಮ್ಮವರಿಗೆ ಸ್ನಾನದ ವ್ಯಾಮೋಹ ಬೇರೆ. ಹೊಟ್ಟು ಕಂಡಿತೆಂದು ವಾರವಾರವೂ ನಾಯಿಯನ್ನು ತೊಳೆದರೆ ಚರ್ಮದಲ್ಲಿ ಉಳಿದಿರುವ ಎಣ್ಣೆಯೂ ಹೋಗಿ ಕೆರೆತ ಇಮ್ಮಡಿಸುತ್ತದೆ. ಆದರೆ ಎಲ್ಲ ಕೆರೆತವೂ ಒಣಹವೆಯದಲ್ಲ. ಚಿಗಟ, ಕಜ್ಜಿ, ಅಲರ್ಜಿಗಳೂ ಹೀಗೆಯೇ ತೋರುತ್ತವೆ. ರೋಮ ಉದುರಿ ಚರ್ಮ ಕೆಂಪಾಗಿದ್ದರೆ, ಕೆಮ್ಮು ನಿಲ್ಲದಿದ್ದರೆ ಹವೆಯನ್ನು ದೂರುತ್ತ ಕೂಡದೆ ಪಶುವೈದ್ಯರಲ್ಲಿಗೆ ಹೋಗತಕ್ಕದ್ದು.

ಇನ್ನು ಥರ್ಮೋಸ್ಟಾಟಿನ ವಿಚಾರ. ಕೋಣೆಯ ಗಾಳಿಯ ಒಂದು ಘನಮೀಟರಿನಲ್ಲಿ 5 ಗ್ರಾಂ ನೀರಾವಿ ಇದೆಯೆಂದುಕೊಳ್ಳೋಣ. 23 ಡಿಗ್ರಿಯಲ್ಲಿ ಅದರ ಆರ್ದ್ರತೆ ಶೇಕಡ 24. 19 ಡಿಗ್ರಿಗೆ ಇಳಿಸಿದರೆ, ಒಂದು ತೊಟ್ಟು ನೀರನ್ನೂ ಸೇರಿಸದೆ, ಶೇಕಡ 31. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮನೆಯೊಳಗೆ 30ರಿಂದ 50 ಇದ್ದರೆ ಉತ್ತಮವೆನ್ನುತ್ತದೆ. ಹುಟ್ಟುತ್ತಲೇ ಕಂಬಳಿ ಹೊದ್ದು ಬಂದ ಪ್ರಾಣಿಗೆ 19 ಡಿಗ್ರಿ ಹಿತವಾಗಿಯೇ ಇರುತ್ತದೆ. ಮರಿಗಳು, ಮುದಿಪ್ರಾಣಿಗಳು, ಕಿರುರೋಮದ ಸಣ್ಣ ನಾಯಿಗಳ ಮಾತು ಬೇರೆ. ಅವಕ್ಕೊಂದು ಬೆಚ್ಚನೆಯ ಹೊದಿಕೆ ಇರಲಿ. ಊರಿನಿಂದ ಬಂದ ಅಪ್ಪ ಅಮ್ಮಂದಿರಿಗೆ ಚಳಿಯಾದೀತೆಂದು ಶಾಖ ಏರಿಸುವುದು ಅಲ್ಲಿಯ ವಾಡಿಕೆ. ಹಿರಿಯರಲ್ಲಿ ನನ್ನ ಸವಿನಯ ಪ್ರಾರ್ಥನೆ: ದಯವಿಟ್ಟು ಎರಡು ಸ್ವೆಟರ್ ಒಯ್ಯಿರಿ, ಕಾಲುಚೀಲ ಹಾಕಿಕೊಳ್ಳಿರಿ.

ಅಷ್ಟಕ್ಕೂ ಸಾಲದಿದ್ದರೆ ಹ್ಯುಮಿಡಿಫೈಯರ್ ಇದ್ದೇ ಇದೆ. ಜೊತೆಗೆ ಅಗ್ಗದ ಆರ್ದ್ರತಾಮಾಪಕವೊಂದಿರಲಿ. ಕಿಟಕಿಯ ಗಾಜಿನ ಮೇಲೆ ನೀರು ಇಳಿಯತೊಡಗಿದರೆ ಅತಿಯಾಯಿತೆಂದೇ ಅರ್ಥ, ಬೂಷ್ಟು ಹಿಡಿಯುತ್ತದೆ. ಅದರ ನೀರನ್ನು ದಿನವೂ ಬದಲಿಸಬೇಕು. ಪರಿಮಳಕ್ಕೆಂದು ನೀಲಗಿರಿ ಎಣ್ಣೆಯನ್ನೋ ಟೀ ಟ್ರೀ ಎಣ್ಣೆಯನ್ನೋ ಅದಕ್ಕೆ ಹಾಕಲೇಬಾರದು. ಬೆಕ್ಕಿನ ಯಕೃತ್ತು ಇಂಥ ವಸ್ತುಗಳನ್ನು ಅರಗಿಸಿ ಹೊರಹಾಕಲಾರದು. ಗಿಣಿ ಸಾಕಿದವರು ಮತ್ತೂ ಎಚ್ಚರದಿಂದಿರಬೇಕು. ಕೆಲವು ಹೀಟರುಗಳ ಒಳಭಾಗಕ್ಕೆ ಅಂಟದ ತವಾದ ಮೇಲಿರುವಂಥದೇ ಲೇಪವಿರುತ್ತದೆ. ಅದು ಅತಿಯಾಗಿ ಕಾದಾಗ ಏಳುವ ಹೊಗೆ ನಮ್ಮ ಮೂಗಿಗೆ ತಿಳಿಯುವ ಮೊದಲೇ ಹಕ್ಕಿಯ ಪ್ರಾಣ ತೆಗೆಯಬಲ್ಲದು. ಹೊಸ ಹೀಟರ್ ಕೊಳ್ಳುವಾಗ ಆ ಲೇಪ ಇದೆಯೇ ಎಂದು ಕೇಳಿಯೇ ಕೊಳ್ಳಿರಿ.