ಮಾಲ್ದೀವಿನ ಮಳೆನಕ್ಷತ್ರ

'ಏಪ್ರಿಲ್‌ವರೆಗೂ ಕಡಲು ಶಾಂತ' ಎಂದು ಮಾಲ್ದೀವ್ಸ್ ಪ್ರವಾಸದ ಜಾಹೀರಾತೊಂದರಲ್ಲಿ ಓದಿದಾಗಿನಿಂದ ಆ ಮಾತು ಕೊರೆಯುತ್ತಿದೆ. 1987ರ ಏಪ್ರಿಲ್ ಎರಡನೇ ವಾರದಲ್ಲಿ ಅದೇ ಕಡಲು ರಾಜಧಾನಿ ಮಾಲೆಯ ಬೀದಿಗಳಿಗೆ ನುಗ್ಗಿತ್ತು.

ಆ ಅಲೆಯನ್ನು ಮೊದಲೇ ಹೇಳಿತ್ತೇ ಎಂದು ನೋಡಲು ನಾನು ಮೊದಲು ತೆರೆದದ್ದು ಅಲ್ಲಿನವರ ಪಂಚಾಂಗವನ್ನು. ನಮ್ಮ ರೈತರು ಮಳೆಯನ್ನು ಲೆಕ್ಕ ಹಾಕುವುದು ಮಳೆನಕ್ಷತ್ರಗಳಿಂದ. ದ್ವೀಪದವರದ್ದೂ ಅದೇ ಲೆಕ್ಕ: ವರ್ಷಕ್ಕೆ 27 ನಕೈ (ಅವರ ನಕ್ಷತ್ರ), ಒಂದೊಂದಕ್ಕೆ 13-14 ದಿನ. ಅಸ್ಸಿದ, ಬುರುನು, ಕೆತಿ, ರೋನು, ಮಿಯಹೆಲಿಯ, ಅಧ, ಫುನೋಸ್, ಫುಸ್. ಅಶ್ವಿನಿ, ಭರಣಿಯಿಂದ ಪುಷ್ಯದವರೆಗೆ ಬಾಯಿಪಾಠ ಇರುವ ನಮ್ಮ ರೈತರಿಗೆ ಇವನ್ನು ಪರಿಚಯಿಸಬೇಕಿಲ್ಲ. 18 ನಕೈ ನೈಋತ್ಯ ಗಾಳಿಯ ಹುಳಂಗು, ಉಳಿದ 9 ಈಶಾನ್ಯದ ಇರುವೈ. ನಮ್ಮ ಆರಿದ್ರಾ ಜೂನ್ 22ರ ಹೊತ್ತಿಗೆ ಹುಟ್ಟಿದರೆ ಅವರ ಅಧ 17ರ ಸುಮಾರಿಗೇ. ನಾವು ಬಿತ್ತನೆಗೆ ನೋಡುವುದನ್ನು ಅವರು ಮೀನುಗಾರಿಕೆಗೂ ದೋಣಿಯಾನಕ್ಕೂ ನೋಡುತ್ತಾ ಬಂದವರು.

ಇಂಥ ಪಂಚಾಂಗದ ಮಾತೆತ್ತಿದರೆ ಒಂದು ಗುಂಪು ಮೂಢನಂಬಿಕೆ ಎಂದು ಮೂಗು ಮುರಿಯುತ್ತದೆ. ಇನ್ನೊಂದು ಗುಂಪು ಹಿರಿಯರಿಗೆ ಎಲ್ಲ ಗೊತ್ತಿತ್ತು ಎಂದು ಕೈಮುಗಿದು ಕೂರುತ್ತದೆ. ಬಿಡಿಸಿ ನೋಡುವ ವ್ಯವಧಾನ ಇಬ್ಬರಿಗೂ ಇಲ್ಲ. ಈ ಸೋಮಾರಿತನವನ್ನು ನಾನು ಸಹಿಸಲಾರೆ.

ಬಿಡಿಸಿ ನೋಡಿದಾಗ ನನ್ನ ಪ್ರಶ್ನೆಯೇ ಬದಲಾಯಿತು. 1987ರ ಅಲೆ ಬಂದದ್ದು ಅಸ್ಸಿದದಲ್ಲಿ. 2007ರ ಮೇ 15ರಿಂದ ಅಲ್ಲಿನ ಹಲವು ದ್ವೀಪಗಳನ್ನು ನೆನೆಸಿದ ಅಲೆ ಬಂದದ್ದು ಕೆತಿಯಲ್ಲಿ. ಎರಡನ್ನೂ ಎಬ್ಬಿಸಿದ್ದು ಆ ನಕೈಗಳ ಗಾಳಿಯಲ್ಲ. ಮೊದಲನೆಯದು ಆಸ್ಟ್ರೇಲಿಯಾದ ಪಶ್ಚಿಮಕ್ಕೆ ಎದ್ದ ಬಿರುಗಾಳಿಯ ಕೂಸು, ಎರಡನೆಯದು ದಕ್ಷಿಣ ಆಫ್ರಿಕಾದಾಚೆಯ ಬಿರುಗಾಳಿಯದು. 2007ರ ಅಲೆಗಳು ಮೇ 12ರಂದು ರಿಯೂನಿಯನ್ ದ್ವೀಪವನ್ನು ಬಡಿದು, ಮೂರು ದಿನದಲ್ಲಿ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದಾಟಿ ಮಾಲ್ದೀವ್ಸ್ ಮುಟ್ಟಿದವು. 15 ಸೆಕೆಂಡಿಗೊಂದರಂತೆ ಬರುವ ಅಲೆಗಳ ಗುಂಪು ದಿನಕ್ಕೆ ಸುಮಾರು ಸಾವಿರ ಕಿಲೋಮೀಟರ್ ಸಾಗುತ್ತದೆ. ಲೆಕ್ಕ ಸರಿಯಾಗಿ ಕೂಡುತ್ತದೆ.

ಇಂಥ ಅಲೆ ಬರುವಾಗ ದಡದಲ್ಲಿ ಗಾಳಿ ಇರಬೇಕೆಂದಿಲ್ಲ, ಮೋಡವೂ ಬೇಕಿಲ್ಲ. ಹವಳದ ದಿಬ್ಬದ ಮೇಲೆ ಒಡೆದ ನೀರು ಹಿಂದಕ್ಕೆ ಹರಿದು ಮುಗಿಯುವ ಮೊದಲೇ ಇನ್ನೊಂದು ಅಲೆ ಬಂದಿರುತ್ತದೆ. ಒಳಗಿನ ನೀರು ಹಾಗೇ ಏರುತ್ತಾ ಹೋಗುತ್ತದೆ. ಬಹುಪಾಲು ಸಮುದ್ರಮಟ್ಟದಿಂದ ಒಂದು ಮೀಟರಿನಷ್ಟೂ ಎತ್ತರವಿಲ್ಲದ ಆ ನೆಲದಲ್ಲಿ ಅದು ಅಂಗಳ ದಾಟಿ ಹಿತ್ತಲ ಬಾವಿಗೆ ಇಳಿಯುತ್ತದೆ. ಮರಳಿನಡಿ ತೆಳ್ಳಗೆ ನಿಂತ ಮಳೆನೀರೇ ಆ ಬಾವಿಯ ಸಿಹಿನೀರು. ಒಮ್ಮೆ ಉಪ್ಪು ಬೆರೆತರೆ ಮತ್ತೆ ಮಳೆಗಾಲಕ್ಕೆ ಕಾಯಬೇಕು. 1987ರ ನಂತರ ಜಪಾನಿನ ನೆರವಿನಿಂದ ಮಾಲೆಗೆ ಅಲೆತಡೆ ಬಂತು. ಎಲ್ಲ ದ್ವೀಪಗಳಿಗೂ ಆ ಭಾಗ್ಯ ಇಲ್ಲ.

ಪಂಚಾಂಗ ಸರಿಯೇ ತಪ್ಪೇ ಎಂದು ಕೇಳುವುದನ್ನು ಹಾಗಾಗಿ ಬಿಟ್ಟೆ. ಅದು ತನ್ನ ತಲೆಮೇಲಿನ ಆಕಾಶಕ್ಕೆ ಉತ್ತರ ಹೇಳುತ್ತದೆ. ಕೇಳಬೇಕಾದದ್ದು, ದೂರದ ಬಿರುಗಾಳಿಯನ್ನು ಯಾರು ನೋಡುತ್ತಿದ್ದಾರೆ, ಅವರ ಮಾತು ದಡಕ್ಕೆ ಹೇಗೆ ಮುಟ್ಟುತ್ತದೆ ಎಂದು. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಅದನ್ನು ನೋಡುತ್ತಿದೆ. ಲಕ್ಷದ್ವೀಪಕ್ಕೂ ನಮ್ಮ ಕರಾವಳಿಗೂ ಎಚ್ಚರಿಕೆ ಕಳಿಸುತ್ತದೆ. ಆ ಮಾತು ದಡಕ್ಕೆ ಮುಟ್ಟಲು ಪತ್ರಿಕೆಯೂ ಒಂದು ದಾರಿ. ಪತ್ರಿಕೆಗಳ ಹವಾಮಾನದ ಮೂಲೆಯಲ್ಲಿ ಬೆಂಗಳೂರಿನ ಗರಿಷ್ಠ, ಕನಿಷ್ಠ ಉಷ್ಣಾಂಶ ತಪ್ಪದೆ ಇರುತ್ತದೆ. ಅದರ ಪಕ್ಕದಲ್ಲೇ ಮಲ್ಪೆ, ಕಾರವಾರದಲ್ಲಿ ಅಲೆ ಎಷ್ಟು ಎತ್ತರ, ಎಷ್ಟು ಸೆಕೆಂಡಿಗೊಂದು ಎಂಬ ಎರಡು ಅಂಕಿಗಳನ್ನೂ ದಿನಾ ಅಚ್ಚು ಹಾಕಲಿ.