ಹಾಲಿನ ಲೆಕ್ಕ ಓದಲಾರದ ಜಾವಾ

ನಮ್ಮ ಇಂಜಿನಿಯರಿಂಗ್ ಹುಡುಗರು ಮೂರನೇ ಸೆಮಿಸ್ಟರಿನಲ್ಲಿ ಜಾವಾ ಕಲಿಯುತ್ತಾರೆ. ಲ್ಯಾಬ್ ಪಟ್ಟಿಯಲ್ಲಿ ಹತ್ತು ಅಂಕಿ ಹಿಡಿಸುವ ಸ್ಟ್ಯಾಕ್ ಇದೆ, ನೌಕರನ ಸಂಬಳ ಏರಿಸುವ ಕ್ಲಾಸ್ ಇದೆ, ಸೊನ್ನೆಯಿಂದ ಭಾಗಿಸಲು ಹೋದರೆ ತಡೆಯುವ ಎಕ್ಸೆಪ್ಷನ್ ಇದೆ. ಒಂದು ಫೈಲು ತೆರೆದು ಸಾಲಾಗಿ ಓದುವ, ಆ ಓದಿಗೇ ಒಂದು ಆಬ್ಜೆಕ್ಟ್ ಕಟ್ಟುವ ಪ್ರಯೋಗ ಮಾತ್ರ ಇಲ್ಲ. ಮಂಡ್ಯದಲ್ಲಿ ಇದನ್ನೇ ಪಾಠ ಹೇಳುವ ನನಗೆ ಈ ಕೊರತೆ ಸಣ್ಣದಾಗಿ ಕಾಣುವುದಿಲ್ಲ. ಈ ಜಿಲ್ಲೆ ಬದುಕುವುದೇ ಸಾಲು ಸಾಲು ಅಂಕಿಗಳ ಮೇಲೆ. ಕೆಆರ್‌ಎಸ್ ಅಣೆಕಟ್ಟೆಯ ನೀರಿನ ಮಟ್ಟ ದಿನಾ ಪೇಪರಿನಲ್ಲಿ ಬರುತ್ತದೆ. ಕಬ್ಬಿನ ಲಾರಿಗೆ ತೂಕದ ಚೀಟಿ ಇರುತ್ತದೆ. ಡೈರಿಗೆ ಬೆಳಿಗ್ಗೆ, ಸಂಜೆ ಹಾಕಿದ ಹಾಲಿಗೆ ಲೆಕ್ಕ ಇರುತ್ತದೆ.

ಹಾಲಿನದನ್ನೇ ತೆಗೆದುಕೊಳ್ಳಿ. ನಾನು ಮಳವಳ್ಳಿ ತಾಲ್ಲೂಕಿನವಳು. ಡೈರಿ ಬಟವಾಡೆಯ ದುಡ್ಡಿನಲ್ಲೇ ನನ್ನ ಕಾಲೇಜು ಫೀಸು ಹೋಗಿದ್ದು. ಊರಿನ ಸಂಘದ ಯಂತ್ರ ಹೊತ್ತಿಗೊಂದು ಸಾಲು ಬರೆಯುತ್ತದೆ: ತಾರೀಖು, ಬೆಳಿಗ್ಗೆಯೋ ಸಂಜೆಯೋ, ಸದಸ್ಯರ ನಂಬರು, ಲೀಟರು, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ), ದರ, ಮೊತ್ತ. ಕರೆಂಟು ಹೋದರೆ ಕಾರ್ಯದರ್ಶಿ ಪುಸ್ತಕದಲ್ಲಿ ಗುರುತು ಹಾಕಿಕೊಂಡು ಆಮೇಲೆ ಯಂತ್ರಕ್ಕೆ ಹೊಡೆಯುತ್ತಾರೆ. ಆಗ ಸಂಜೆಯ ಸಾಲು ಬೆಳಗಿನದಕ್ಕಿಂತ ಮೇಲೆ ಬಂದು ಕೂರುವುದುಂಟು, ಫ್ಯಾಟಿನ ಜಾಗ ಖಾಲಿ ಉಳಿಯುವುದೂ ಉಂಟು.

ಇಂಥದೊಂದು ಫೈಲನ್ನು ನಂಬರು ಬದಲಿಸಿ ತರಗತಿಗೆ ಕೊಟ್ಟೆ. ಹೆಚ್ಚಿನವರು ಇಡೀ ಫೈಲನ್ನು ಒಂದು ಲಿಸ್ಟಿಗೆ ಸುರಿದುಕೊಂಡರು. ಒಟ್ಟು ಲೀಟರಿಗೆ ಒಂದು ಲೂಪ್, ಸರಾಸರಿ ಫ್ಯಾಟಿಗೆ ಇನ್ನೊಂದು, ಬಾಕಿ ಹಣಕ್ಕೆ ಮತ್ತೊಂದು. ಖಾಲಿ ಜಾಗವನ್ನು ಒಂದು ಲೂಪ್ ದಾಟಿಕೊಂಡು ಹೋಯಿತು, ಇನ್ನೊಂದು ಸೊನ್ನೆ ಎಂದು ಓದಿತು. 4.2, 4.0, 4.1 ಈ ಮೂರರ ಸರಾಸರಿ 4.1. ನಡುವೆ ಒಂದು ಸುಳ್ಳು ಸೊನ್ನೆ ಸೇರಿ ನಾಲ್ಕರಿಂದ ಭಾಗವಾದರೆ 3.1ರ ಹತ್ತಿರ ಬಂದು ನಿಲ್ಲುತ್ತದೆ. ಫ್ಯಾಟ್ ಇಳಿದರೆ ದರ ಇಳಿಯುತ್ತದೆ. ಪಾಪ, ಹಸುವಿನದು ಇದರಲ್ಲಿ ಏನೂ ತಪ್ಪಿಲ್ಲ.

ಓದುವ ಕೆಲಸ ಒಂದೇ ಕಡೆ ಇದ್ದಿದ್ದರೆ ಖಾಲಿ ಜಾಗಕ್ಕೆ ಏನು ಮಾಡಬೇಕೆಂಬ ತೀರ್ಮಾನವೂ ಒಂದೇ ಕಡೆ ಇರುತ್ತಿತ್ತು. ಇಟರೇಟರ್, ಅಂದರೆ ಒಂದೊಂದಾಗಿ ಓದಿಕೊಡುವ ಆಬ್ಜೆಕ್ಟ್, ಇರುವುದು ಇದಕ್ಕೇ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ರೈತ ಆ ನೀರು ಹಾದುಬರುವ ಹುಲಿಕೆರೆ ಸುರಂಗದ ಅಳತೆ ತಿಳಿದಿರಬೇಕಿಲ್ಲ. ಅವನು ನೀರುಗಂಟಿಯನ್ನು ಕೇಳುವುದು ಎರಡೇ ಮಾತು: "ಇನ್ನೂ ನೀರೈತಾ ಅಣ್ಣ?", "ಹಂಗಾದ್ರೆ ನಮ್ಮ ಸರದಿ ಬುಡಣ್ಣ." ಜಾವಾದ ಇಟರೇಟರಿನಲ್ಲಿ ಮುಖ್ಯವಾದ ಮೆಥಡ್‌ಗಳೂ ಎರಡೇ, ಹ್ಯಾಸ್‌ನೆಕ್ಸ್ಟ್ ಮತ್ತು ನೆಕ್ಸ್ಟ್. ಹಿಂದೆ ಇರುವುದು ಫೈಲೋ, ಅರೇಯೋ, ಟ್ರೀಯೋ, ಕೇಳುವವರಿಗೆ ಬೇಕಿಲ್ಲ. 1970ರ ದಶಕದಲ್ಲೇ ಎಂಐಟಿಯ ಬಾರ್ಬರಾ ಲಿಸ್ಕೋವ್ ಮತ್ತು ಅವರ ವಿದ್ಯಾರ್ಥಿಗಳು ತಮ್ಮ ಸಿಎಲ್‌ಯು ಭಾಷೆಯಲ್ಲಿ ಇಟರೇಟರ್ ಎಂಬ ಕಲ್ಪನೆಯನ್ನು ತಂದಿದ್ದರು. ಜಾವಾದಲ್ಲಿ ಈಗಿನ ಇಟರೇಟರ್ ಬಂದಿದ್ದು 1998ರಲ್ಲಿ. ನಮ್ಮ ಲ್ಯಾಬಿಗೆ ಇನ್ನೂ ಬರಬೇಕಿದೆ.

ಕೇಳಲು ಸಲೀಸು, ಕಟ್ಟಲು ಕೂತರೆ ತಿಳಿಯುತ್ತದೆ. ಹ್ಯಾಸ್‌ನೆಕ್ಸ್ಟ್ ಅನ್ನು ಎಷ್ಟು ಸಲ ಕೇಳಿದರೂ ಜಾಗ ಬಿಟ್ಟು ಕದಲಬಾರದು. ಆದರೆ ಫೈಲಿನಲ್ಲಿ ಇನ್ನೊಂದು ಸಾಲಿದೆಯೇ ಎಂದು ತಿಳಿಯಲು ಓದಿಯೇ ನೋಡಬೇಕು. ಓದಿದ್ದನ್ನು ಎತ್ತಿಟ್ಟುಕೊಳ್ಳದಿದ್ದರೆ ಮುಂದಿನ ಸಲ ಕೇಳುವಷ್ಟರಲ್ಲಿ ಅದು ಹೋಗಿರುತ್ತದೆ. ಒಬ್ಬ ಹುಡುಗ ಒಬ್ಬರೇ ಸದಸ್ಯರ ಸಾಲುಗಳನ್ನು ಓದಿಸುತ್ತಿದ್ದ. ಎಲ್ಲ ಸರಿಯಿದೆಯೇ ನೋಡೋಣ ಎಂದು ಲೂಪಿನೊಳಗೆ ಒಂದು ಪ್ರಿಂಟ್ ಹಾಕಿ ಹ್ಯಾಸ್‌ನೆಕ್ಸ್ಟ್ ಅನ್ನು ಇನ್ನೊಮ್ಮೆ ಕರೆದ. ಬೆಳಗಿನ ಹಾಲೆಲ್ಲ ಮಾಯವಾಗಿ ಸಂಜೆಯದು ಮಾತ್ರ ಉಳಿಯಿತು! ಪ್ರಿಂಟ್ ತೆಗೆದರೆ ಸರಿ, ಹಾಕಿದರೆ ತಪ್ಪು. ಅರ್ಧ ಗಂಟೆ ತಲೆ ಕೆರೆದುಕೊಂಡು ಕೊನೆಗೆ ಅವನೇ ಹಿಡಿದ: ಮುಂಚಿತವಾಗಿ ಓದಿದ ಒಂದು ಸಾಲನ್ನು ಆಬ್ಜೆಕ್ಟಿನೊಳಗೇ ಇಟ್ಟುಕೊಳ್ಳಬೇಕು, ನೆಕ್ಸ್ಟ್ ಕರೆದಾಗ ಅದನ್ನು ಕೊಟ್ಟು ಇನ್ನೊಂದನ್ನು ಓದಿಕೊಳ್ಳಬೇಕು. ಆಬ್ಜೆಕ್ಟಿಗೆ ತನ್ನದೇ ಸ್ಥಿತಿ ಯಾಕೆ ಬೇಕು ಎಂದು ನಾನು ಬೋರ್ಡಿನ ಮೇಲೆ ಎಷ್ಟು ಬರೆದರೂ ಇಷ್ಟು ಚೆನ್ನಾಗಿ ತಲೆಗೆ ಹೋಗುತ್ತಿರಲಿಲ್ಲ.

ಇನ್ನು ಕೆಆರ್‌ಎಸ್. ತುಂಬಿದಾಗ 124.80 ಅಡಿ ಎನ್ನುವುದು ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. 2023ರ ಆಗಸ್ಟ್‌ನಲ್ಲಿ 5,000 ಕ್ಯುಸೆಕ್‌ನಂತೆ ತಮಿಳುನಾಡಿಗೆ ನೀರು ಬಿಡಿ ಎಂಬ ಆದೇಶ ಬಂದು, ಸೆಪ್ಟೆಂಬರ್ 23ರಂದು ಮಂಡ್ಯ ಬಂದ್ ಆದ ಆ ದಿನಗಳಲ್ಲಿ ಟೀ ಅಂಗಡಿಯಲ್ಲೂ ಎಲ್ಲರ ಬಾಯಲ್ಲಿ ಒಂದೇ ಪ್ರಶ್ನೆ: ನಿನ್ನೆಗಿಂತ ಎಷ್ಟು ಇಳಿಯಿತು? ಇದಕ್ಕೆ ಬೇಕಾದ್ದು ಎರಡೆರಡು ದಿನವನ್ನು ಜೋಡಿಯಾಗಿ ಕೊಡುವ ಇಟರೇಟರ್. ಸಾಲು ಓದುವ ಇಟರೇಟರಿನ ಮೇಲೆಯೇ ಇದನ್ನು ಕೂರಿಸಬಹುದು. ಭಾನುವಾರದ ಅಂಕಿ ಫೈಲಿನಲ್ಲಿ ಇಲ್ಲದಿದ್ದರೆ? ಪೆದ್ದ ಇಟರೇಟರ್ ಶನಿವಾರ ಮತ್ತು ಸೋಮವಾರವನ್ನು ಜೋಡಿಸಿ ಎರಡು ದಿನದ ಇಳಿತವನ್ನು ಒಂದು ದಿನದ್ದೆಂದು ಹೇಳುತ್ತದೆ. ಆ ದಿನಗಳಲ್ಲಿ ಇಂಥ ಅಂಕಿ ಯಾರ ಕೈಗಾದರೂ ಸಿಕ್ಕಿದ್ದರೆ ಹೆದ್ದಾರಿಯಲ್ಲಿ ಇನ್ನೆರಡು ಟೈರು ಉರಿಯುತ್ತಿದ್ದವು.

ಈಗ ಇದಕ್ಕೆಲ್ಲ ಲೈಬ್ರರಿ ಇದೆ, ಒಂದೇ ಸಾಲಿನಲ್ಲಿ ಇಡೀ ಫೈಲನ್ನು ಮೆಮೊರಿಗೆ ಓದಿಕೊಳ್ಳುತ್ತದೆ, ಎಐ ಕೇಳಿದರೆ ಕೋಡನ್ನೂ ಬರೆದುಕೊಡುತ್ತದೆ ಎನ್ನುವ ಸಹೋದ್ಯೋಗಿಗಳಿದ್ದಾರೆ. ಮೆಮೊರಿಯ ವಿಷಯದಲ್ಲಿ ಅವರ ಮಾತು ನಿಜ. 200 ಸದಸ್ಯರಿರುವ ಸಂಘದ ಒಂದು ವರ್ಷದ ಲೆಕ್ಕ ಎಂದರೆ 1,46,000 ಸಾಲು, ಫೋನಿನಲ್ಲೇ ಹಿಡಿಸುತ್ತದೆ. ಇಟರೇಟರ್ ಇರುವುದು ಮೆಮೊರಿ ಉಳಿಸಲು ಎಂದು ಪಠ್ಯಪುಸ್ತಕ ಹೇಳುವುದು ನಮ್ಮ ಊರಿನ ಫೈಲಿಗೆ ಒಪ್ಪುವುದಿಲ್ಲ. ಆದರೆ ಖಾಲಿ ಫ್ಯಾಟ್ ಸೊನ್ನೆಯಲ್ಲ ಎಂಬುದು ಯಾವ ಲೈಬ್ರರಿಗೆ ಗೊತ್ತು? ಕರೆಂಟು ಹೋದ ಸಂಜೆಯ ಹಾಲು ಮಾರನೇ ದಿನದ ಲೆಕ್ಕಕ್ಕೆ ಸೇರಬಾರದು ಎಂದು ಅದಕ್ಕೆ ಹೇಳುವವರು ಯಾರು? ಆ ನಿಯಮವನ್ನು ಬರೆದಿಡಲು ಒಂದು ಜಾಗ ಬೇಕು. ನಾನು ಆ ಜಾಗವನ್ನು ಹುಡುಗರಿಂದಲೇ ಕಟ್ಟಿಸಬೇಕು ಎನ್ನುತ್ತಿದ್ದೇನೆ.

ಲ್ಯಾಬ್ ಪಟ್ಟಿಯಿಂದ ಆ ಸಂಬಳ ಏರಿಸುವ ಕ್ಲಾಸನ್ನು ತೆಗೆಯಲಿ, ಯಾರೂ ಅಳುವುದಿಲ್ಲ. ಬದಲಿಗೆ ಹಾಲಿನ ಫೈಲು ಕೊಡಲಿ. ಪರೀಕ್ಷೆಯ ದಿನ ಅದರೊಳಗೆ ಮೂರು ತೊಡಕು ಸೇರಿಸಲಿ: ಫ್ಯಾಟ್ ಖಾಲಿ ಇರುವ ಒಂದು ಸಾಲು, ಬೆಳಗಿನದಕ್ಕಿಂತ ಮುಂಚೆ ಬಂದ ಒಂದು ಸಂಜೆ, ಅರ್ಧಕ್ಕೇ ತುಂಡಾದ ಕೊನೆಯ ಸಾಲು. ತುಂಡಾದ ಸಾಲಿಗೆ ಬಂದಾಗ ಫೈಲು ಮುಗಿಯಿತು ಎನ್ನುವ ಪ್ರೋಗ್ರಾಮಿಗೂ ಓದಲಾಗಲಿಲ್ಲ ಎನ್ನುವ ಪ್ರೋಗ್ರಾಮಿಗೂ ಬೇರೆ ಬೇರೆ ಅಂಕ ಇರಲಿ. ಎಲ್ಲರ ಔಟ್‌ಪುಟ್ ಒಂದೇ ಥರ ಬರುವುದಿಲ್ಲ, ಮೌಲ್ಯಮಾಪನ ಕಷ್ಟ ಎಂದು ಎಕ್ಸ್‌ಟರ್ನಲ್ ಪರೀಕ್ಷಕರು ಗೊಣಗುತ್ತಾರೆ. ಗೊಣಗಲಿ. ವೈವಾ ಇರುವುದು ಮತ್ತೆ ಯಾಕೆ?