ಕಂಡರೂ ಜಾಗ ಬಿಡದವರು

ರಾಂಜಣಗಾಂವ ಅಂದರೆ ಪುಣೆಯ ಕನ್ನಡಿಗರಿಗೆ ನೆನಪಾಗುವುದು ಎರಡೇ. ಒಂದು, ಅಷ್ಟವಿನಾಯಕರಲ್ಲಿ ಒಬ್ಬನಾದ ಮಹಾಗಣಪತಿ. ಇನ್ನೊಂದು, ಎಂಐಡಿಸಿ. ಎರಡಕ್ಕೂ ಇರುವುದು ಒಂದೇ ದೊಡ್ಡ ರಸ್ತೆ, ನಮ್ಮೆಲ್ಲರ ಬಾಯಲ್ಲಿ ಇನ್ನೂ ‘ನಗರ ರೋಡ್’. ದೇವರಿಗೆ ಬರುವ ಕಾರು, ಕಾರ್ಖಾನೆಗೆ ಬರುವ ಕಂಟೇನರ್, ಕಂಪನಿ ಬಸ್ಸು, ಹಂಗಾಮು ಶುರುವಾದರೆ ಎರಡೆರಡು ಟ್ರಾಲಿ ಎಳೆದುಕೊಂಡು ಬರುವ ಕಬ್ಬಿನ ಟ್ರ್ಯಾಕ್ಟರ್, ಎಲ್ಲವೂ ಇದರ ಮೇಲೆಯೇ. ಇವೆಲ್ಲದರ ಎಡಕ್ಕೆ, ಡಾಂಬರು ಮುಗಿದು ಮಣ್ಣು ಶುರುವಾಗುವ ಅಂಚಿನಲ್ಲಿ, ಸೈಕಲ್ಲು.

ಆ ಸೈಕಲ್ಲುಗಳಲ್ಲಿ ನನ್ನದೂ ಒಂದು. ಇಲ್ಲಿನ ಒಂದು ಕಾರ್ಖಾನೆಯ ಐಟಿ ವಿಭಾಗದಲ್ಲಿ ನನ್ನ ಕೆಲಸ. ಕೂತು ಕೂತು ಬೆಳೆದ ಹೊಟ್ಟೆಗೆ ಹೆದರಿ, ವಾರಕ್ಕೆರಡು ದಿನ ಕಾರೇಗಾಂವದ ಬಾಡಿಗೆ ಮನೆಯಿಂದ ಸೈಕಲ್ಲಿನಲ್ಲಿ ಹೋಗುತ್ತೇನೆ. ಹೆಂಡತಿಯ ಷರತ್ತು ಒಂದೇ: ಹೆಲ್ಮೆಟ್ಟು ಮತ್ತು ಕಣ್ಣು ಕುಕ್ಕುವ ಹಳದಿ ಜಾಕೆಟ್ಟು ಇಲ್ಲದೆ ಗೇಟು ದಾಟುವಂತಿಲ್ಲ.

ಕಳೆದ ತಿಂಗಳು ಸಂಜೆ, ಇನ್ನೂ ಬೆಳಕಿರುವಾಗಲೇ, ಒಂದು ಬಸ್ಸು ನನ್ನ ಮೊಣಕೈ ಸವರಿಕೊಂಡು ಹೋಯಿತು. ಸೈಕಲ್ಲು ಮಣ್ಣಿಗಿಳಿಯಿತು, ನಾನು ಬೀಳಲಿಲ್ಲ. ಹಿಂದೆಯೇ ಬರುತ್ತಿದ್ದ ಕಾಕಾ ಒಬ್ಬರು ನಿಂತರು. ಇಂಡಿ ಕಡೆಯವರು, ಗುತ್ತಿಗೆ ಮೇಲೆ ಲೋಡಿಂಗ್ ಕೆಲಸ, ದಿನಾ ಅದೇ ದಾರಿ. ಅವರ ಮೈಮೇಲೂ ಹಳದಿ ಜಾಕೆಟ್ಟಿತ್ತು, ಗುತ್ತಿಗೆದಾರ ಕೊಟ್ಟಿದ್ದು, ತೊಳೆದು ತೊಳೆದು ಬಣ್ಣ ಮಾಸಿದ್ದು.

“ಇಷ್ಟು ಹಳದಿ ಹಾಕ್ಕೊಂಡರೂ ಅವನಿಗೆ ಕಾಣಲಿಲ್ವಲ್ಲ ಕಾಕಾ” ಅಂದೆ.

“ಕಾಣ್ಸೇತ್ರಿ ಸರ. ಕಂಡಮ್ಯಾಲ ಏನ್ ಮಾಡ್ಬೇಕು ಅನ್ನೂದು ಅವನ ಕೈಯಾಗ ಐತಿ” ಅಂದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಐಟಿಯವನ ಚಾಳಿ ನಿಮಗೆ ಗೊತ್ತಲ್ಲ, ಡೇಟಾ ಹುಡುಕಲು ಕೂತೆ. ಕಾಕಾ ಹೇಳಿದ್ದನ್ನೇ ಇಂಗ್ಲೆಂಡಿನಲ್ಲಿ ಒಬ್ಬರು ಅಳೆದು ನೋಡಿದ್ದಾರೆ.

ಬಾತ್ ವಿಶ್ವವಿದ್ಯಾಲಯದ ಇಯಾನ್ ವಾಕರ್ ಮತ್ತು ಬ್ರೂನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಒಬ್ಬನೇ ಸವಾರ, ಏಳು ಬಗೆಯ ಉಡುಪು. ಒಂದು ದಿನ ರೇಸಿನವನ ವೇಷ, ಒಂದು ದಿನ ಮಾಮೂಲಿ ಬಟ್ಟೆ, ಒಂದು ದಿನ ಹಳದಿ ಜಾಕೆಟ್ಟು, ಇನ್ನೊಂದು ದಿನ ‘ಹೊಸದಾಗಿ ಕಲಿಯುತ್ತಿದ್ದೇನೆ’ ಅಂತ ಬರೆದ ಅಂಗಿ. ಪಕ್ಕದಲ್ಲಿ ಹಾದುಹೋದ ಪ್ರತಿ ವಾಹನದ ಅಂತರವನ್ನು ಸೈಕಲ್ಲಿಗೆ ಕಟ್ಟಿದ ಸೆನ್ಸರ್ ಅಳೆಯುತ್ತಿತ್ತು. ಒಟ್ಟು 5,690 ವಾಹನ. ಹಳದಿ ಜಾಕೆಟ್ಟಿಗೆ ಸಿಕ್ಕ ಹೆಚ್ಚುವರಿ ಮರ್ಯಾದೆ? ಏನೂ ಇಲ್ಲ. ಒಂದೇ ಒಂದು ಉಡುಪಿಗೆ ಚಾಲಕರು ಐದು ಸೆಂಟಿಮೀಟರಿನಷ್ಟು ಹೆಚ್ಚು ಜಾಗ ಬಿಟ್ಟರು: ಪೊಲೀಸ್ ಅನ್ನುವ ಪದವಿದ್ದ, ‘ಕ್ಯಾಮೆರಾದಲ್ಲಿ ಸೆರೆಯಾಗುತ್ತಿದ್ದೀರಿ’ ಎಂಬರ್ಥದ ಜಾಕೆಟ್ಟಿಗೆ. ಆದರೆ ಯಾವ ವೇಷ ಹಾಕಿದರೂ ನೂರಕ್ಕೆ ಒಂದೆರಡು ವಾಹನ ಅರ್ಧ ಮೀಟರಿಗಿಂತ ಹತ್ತಿರದಲ್ಲೇ ನುಗ್ಗಿದವು. ನೂರಕ್ಕೆ ಒಂದು ಅಂದರೆ ಕಡಿಮೆ ಅನಿಸಬಹುದು. ನಗರ ರೋಡಿನಲ್ಲಿ ನೂರು ಗಾಡಿ ನಮ್ಮನ್ನು ದಾಟಲು ಎಷ್ಟು ಹೊತ್ತು ಬೇಕು, ನೀವೇ ಲೆಕ್ಕ ಹಾಕಿ.

ಹಾಗಾದರೆ ಜಾಕೆಟ್ಟು ದಂಡವೇ? ಅಲ್ಲ. ಡೆನ್ಮಾರ್ಕಿನಲ್ಲಿ 6,793 ಸೈಕಲ್ ಸವಾರರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹಳದಿ ಜಾಕೆಟ್ ಕೊಟ್ಟರು. ಆ ಗುಂಪಿನಲ್ಲಿ ಗಾಯವಾಗುವಂಥ ಅಪಘಾತ ಶೇಕಡಾ 47ರಷ್ಟು ಕಡಿಮೆ. ಸವಾರರೇ ವರದಿ ಮಾಡಿದ ಲೆಕ್ಕವಾದ್ದರಿಂದ ಸಂಶೋಧಕರು ಅದನ್ನು ತಿದ್ದಿ ಶೇಕಡಾ 38ಕ್ಕೆ ಇಳಿಸಿದರು. ಅದೂ ಸಣ್ಣದಲ್ಲ.

ಎರಡೂ ನಿಜವಾಗಲು ಸಾಧ್ಯ. ರಸ್ತೆಯಲ್ಲಿ ನಮಗಿರುವ ಅಪಾಯ ಎರಡು ಥರದ್ದು. ತಿರುವಿನಲ್ಲಿ, ಕ್ರಾಸಿನಲ್ಲಿ ನಮ್ಮನ್ನು ನೋಡದೇ ಬರುವವನು ಒಬ್ಬ. ಅವನಿಗೆ ಜಾಕೆಟ್ಟು ಕೆಲಸ ಮಾಡುತ್ತದೆ. ಹಿಂದಿನಿಂದ ನೋಡಿಯೂ ಜಾಗ ಬಿಡದವನು ಇನ್ನೊಬ್ಬ. ಅವನ ಮುಂದೆ ಯಾವ ಬಣ್ಣವೂ ನಡೆಯುವುದಿಲ್ಲ.

ನೋಡಿಯೂ ಯಾಕೆ ಬಿಡುವುದಿಲ್ಲ? ಆಸ್ಟ್ರೇಲಿಯಾದಲ್ಲಿ 2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ 563 ಜನರನ್ನು ಕೇಳಿದಾಗ ಶೇಕಡಾ 30ರಷ್ಟು ಮಂದಿ ಸೈಕಲ್ ಸವಾರರನ್ನು ಪೂರ್ತಿ ಮನುಷ್ಯರಿಗಿಂತ ಒಂದು ಮೆಟ್ಟಿಲು ಕೆಳಗೆ ಇಟ್ಟರು. ಹೆಲ್ಮೆಟ್ಟಿಲ್ಲದೆ ಬರೀ ಸುರಕ್ಷಾ ಜಾಕೆಟ್ ತೊಟ್ಟ ಸವಾರನ ಚಿತ್ರಕ್ಕೆ ಸಿಕ್ಕ ಜಾಗವೇ ಎಲ್ಲಕ್ಕಿಂತ ಕೆಳಗಿನದು. ಅದನ್ನು ಓದಿದಾಗ ನನಗೆ ಕಾಕಾನ ಮಾಸಿದ ಜಾಕೆಟ್ ನೆನಪಾಯಿತು. ನಮ್ಮಲ್ಲಿ ಆ ಹಳದಿಗೆ ಇನ್ನೊಂದು ಅರ್ಥವೂ ಅಂಟಿಕೊಂಡಿದೆ. ಕಾರಿನೊಳಗಿಂದ ನೋಡುವವನಿಗೆ ಅವರು ‘ಲೇಬರ್’. ಹಾರ್ನ್ ಒತ್ತಿದರೆ ಮಣ್ಣಿಗೆ ಇಳಿಯಬೇಕಾದವರು.

ಕೆಲವು ತಿಂಗಳ ಹಿಂದೆ ಕಾಕಾನ ಜೊತೆಯವನೊಬ್ಬನಿಗೆ ರಾತ್ರಿ ಪಾಳಿ ಮುಗಿಸಿ ಬರುವಾಗ ಗಾಡಿಯೊಂದು ತಾಗಿ ಕಾಲು ಮುರಿಯಿತಂತೆ. ಕೆಲಸದ ಜಾಗದಲ್ಲಿ ಬಂದ ಮೊದಲ ಪ್ರಶ್ನೆ, “ಜಾಕೆಟ್ ಹಾಕಿದ್ನಾ?” ಹಾಕಿದ್ದ. ಅಲ್ಲಿಗೆ ಪ್ರಶ್ನೆಗಳು ಮುಗಿದವು. ಗಾಡಿ ಯಾವುದು, ಎಷ್ಟು ವೇಗದಲ್ಲಿತ್ತು, ಅಲ್ಲಿ ದೀಪ ಯಾಕಿರಲಿಲ್ಲ ಅಂತ ಯಾರೂ ಕೇಳಲಿಲ್ಲ. ಜಾಕೆಟ್ಟಿನ ಬಗ್ಗೆ ನನ್ನ ತಕರಾರು ಇಷ್ಟೇ. ಅದನ್ನು ಕೊಟ್ಟಮೇಲೆ ನಮ್ಮ ಜವಾಬ್ದಾರಿ ಮುಗಿಯಿತು ಅಂದುಕೊಳ್ಳುತ್ತೇವೆ.

ರಾತ್ರಿ ಪಾಳಿಯವರಿಗೆ ಒಂದು ಉಪಯುಕ್ತ ಮಾತು. ಹಗಲಲ್ಲಿ ಹೊಳೆಯುವ ಹಳದಿ ಬಣ್ಣಕ್ಕೆ ಬಿಸಿಲಿನ ನೇರಳಾತೀತ ಕಿರಣ ಬೇಕು, ಕತ್ತಲಲ್ಲಿ ಅದು ಮಂಕು. ಆಗ ಹೊಳೆಯುವುದು ಅದರ ಮೇಲಿನ ಬೆಳ್ಳಿ ಪಟ್ಟಿ. ತೊಳೆದು ತೊಳೆದು ಅದೂ ಹೋಗಿರುತ್ತದೆ. ಆಸ್ಟ್ರೇಲಿಯಾದ ಇನ್ನೊಂದು ಪ್ರಯೋಗದಲ್ಲಿ ರಾತ್ರಿ ಹೊತ್ತು ಕಪ್ಪು ಬಟ್ಟೆಯ ಸವಾರರನ್ನು ಚಾಲಕರು ಗುರುತಿಸಿದ್ದು ಶೇಕಡಾ 2, ಬರೀ ಹೊಳೆವ ಬಣ್ಣದ ಜಾಕೆಟ್ಟಿನವರನ್ನು 15, ಪ್ರತಿಫಲಿಸುವ ಪಟ್ಟಿಯ ಜಾಕೆಟ್ಟಿನವರನ್ನು 50. ಅದರ ಜೊತೆ ಮೊಣಕಾಲು, ಪಾದದ ಗಂಟಿಗೂ ಪಟ್ಟಿ ಕಟ್ಟಿದಾಗ 90. ಪೆಡಲ್ ಜೊತೆ ಮೇಲೆ ಕೆಳಗೆ ಆಡುವ ಕಾಲು ಕಂಡರೆ, ಇದು ಕಂಬವಲ್ಲ ಮನುಷ್ಯ ಅಂತ ಕಣ್ಣಿಗೆ ತಕ್ಷಣ ಹೊಳೆಯುತ್ತದೆ. ಮರುದಿನವೇ ಪಟ್ಟಿ ತಂದು ಕಾಕಾನಿಗೂ ಅವರ ಜೊತೆಯ ಐವರಿಗೂ ಕೊಟ್ಟೆ. ದೊಡ್ಡ ಖರ್ಚೇನಲ್ಲ.

ಇನ್ನು ಎರಡನೆಯ ಥರದವನ ವಿಷಯ. ಬ್ರಿಟನ್ನಿನ ಹೆದ್ದಾರಿ ಸಂಹಿತೆ 2022ರಿಂದ ಸೈಕಲ್ ದಾಟುವಾಗ ಕನಿಷ್ಠ ಒಂದೂವರೆ ಮೀಟರ್ ಬಿಡಿ ಅನ್ನುತ್ತದೆ, ವೇಗ ಹೆಚ್ಚಿದ್ದರೆ ಇನ್ನೂ ಹೆಚ್ಚು. ಜರ್ಮನಿ 2020ರಲ್ಲೇ ಊರೊಳಗೆ ಒಂದೂವರೆ, ಊರಾಚೆ ಎರಡು ಮೀಟರ್ ಎಂದು ಕಾನೂನು ಮಾಡಿತು. ನಮ್ಮ ಆಡಳಿತ ವಿಭಾಗಕ್ಕೆ ನಾನೊಂದು ಮೇಲ್ ಹಾಕಿದ್ದೇನೆ: ಕಂಪನಿ ಬಸ್ಸಿನ ಚಾಲಕರಿಗೆ ಕೊಡುವ ಸುರಕ್ಷತಾ ತರಬೇತಿಯಲ್ಲಿ ಈ ಒಂದೂವರೆ ಮೀಟರನ್ನೂ ಸೇರಿಸಿ ಅಂತ. ಉತ್ತರ ಇನ್ನೂ ಬಂದಿಲ್ಲ. ಸೋಮವಾರ ಮತ್ತೆ ಕೇಳುತ್ತೇನೆ.

ಬಸ್ಸಿನವನನ್ನು ಬೈದು ಮುಗಿಸಿದರೆ ಲೇಖನ ಸುಳ್ಳಾಗುತ್ತದೆ. ಕಳೆದ ಶನಿವಾರ ಮಗಳನ್ನು ಕರೆದುಕೊಂಡು ಕಾರಿನಲ್ಲಿ ಪುಣೆಗೆ ಹೊರಟಿದ್ದೆ. ಶಿಕ್ರಾಪುರದ ಟ್ರಾಫಿಕ್ ದಾಟುವ ಅವಸರ. ಎಡಗಡೆಯ ಸೈಕಲ್ಲನ್ನು ದಾಟಿದ ಮೇಲೆ ಅವಳು ಕೇಳಿದಳು, “ಅಪ್ಪಾ, ಆ ಅಜ್ಜನಿಗೆ ಎಷ್ಟು ಜಾಗ ಬಿಟ್ಟೆ?” ನಾನು ಕನ್ನಡಿಯಲ್ಲಿ ನೋಡಿದೆ. ಅವರು ಮಣ್ಣಿಗಿಳಿದಿದ್ದರು.